ತೊಡೆಯ ಕುಳಿಗಳು: ಚಿಕಿತ್ಸೆ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ತೊಡೆ ಮತ್ತು ಪೃಷ್ಠಭಾಗದ ಚರ್ಮದಲ್ಲಿ ಸಣ್ಣ ಸಣ್ಣ ಕುಳಿಗಳು, ಅವುಗಳ ನಡುನಡುವೆ ಉಬ್ಬುಗಳು ಕಾಣಿಸಿಕೊಂಡು, ಆ ಭಾಗವೆಲ್ಲ ಕಿತ್ತಳೆಹಣ್ಣಿನ ಸಿಪ್ಪೆಯಂತೆ ತೋರುವುದುಂಟು. ಆಧುನಿಕ ವೈದ್ಯರು ಇದನ್ನು ‘ಸೆಲ್ಯುಲೈಟ್’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ರೂಢಿಯ ಹೆಸರಿಲ್ಲ. ನಮ್ಮ ಅಜ್ಜಿಯಂದಿರಿಗೆ ಇದಕ್ಕೊಂದು ಹೆಸರಿಡುವ ಅಗತ್ಯವೇ ಕಂಡಿರಲಿಲ್ಲ. ಈಚಿನ ವರ್ಷಗಳಲ್ಲಿ ಮಾತ್ರ ಮದುವೆ ನಿಶ್ಚಯವಾದ ಹೆಣ್ಣುಮಕ್ಕಳು, ಹೆರಿಗೆಯಾಗಿ ವರ್ಷ ಕಳೆದ ತಾಯಂದಿರು ಮೊಬೈಲಿನಲ್ಲಿ ಕಂಡ ಜಾಹೀರಾತನ್ನು ಮುಂದಿಟ್ಟು, “ಡಾಕ್ಟರೇ, ಈ ಎಣ್ಣೆ ಹಚ್ಚಿದರೆ ಇದು ಹೋಗುತ್ತದೆಯೇ?” ಎಂದು ಮೆಲುದನಿಯಲ್ಲಿ ಕೇಳುವುದು ಹೆಚ್ಚಾಗಿದೆ.

ಮಠದ ಪತ್ರಿಕೆಯಲ್ಲಿ ಇಂತಹ ವಿಷಯವೇ ಎಂದು ಹಿರಿಯರು ಹುಬ್ಬೇರಿಸಬಹುದು. ನಾಚಿಕೆಯಿಂದ ಮನೆಯಲ್ಲಿ ಕೇಳದೆ ಉಳಿದ ಪ್ರಶ್ನೆಗೆ ಜಾಹೀರಾತುದಾರರೇ ಉತ್ತರ ಹೇಳಿಬಿಡುತ್ತಾರೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಸೆಲ್ಯುಲೈಟ್ ಎಂಬ ನಿರುಪದ್ರವಿ ಸ್ಥಿತಿಗೂ ‘ಸೆಲ್ಯುಲೈಟಿಸ್’ ಎಂಬ ಅಪಾಯಕಾರಿ ಸೋಂಕಿಗೂ ಹೆಸರಿನಲ್ಲಿ ಒಂದೇ ಅಕ್ಷರದ ಅಂತರ. ಮೊದಲನೆಯದಕ್ಕೆ ಹೇಳಿದ ಮರ್ದನವನ್ನು ಎರಡನೆಯದಕ್ಕೆ ಮಾಡಿದರೆ ಜೀವಕ್ಕೇ ಸಂಚಕಾರ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಹೊಲಿಗೆ ಹಾಕಿದ ಗಾದಿ

ಈ ಪದವು 1873ರಲ್ಲಿ ಫ್ರಾನ್ಸಿನ ಒಂದು ವೈದ್ಯಕೀಯ ನಿಘಂಟಿನಲ್ಲಿ ಕಾಣಿಸಿಕೊಂಡಾಗ ಅದರ ಅರ್ಥ ಬೇರೆಯೇ ಇತ್ತು. ಚರ್ಮದಡಿಯ ಅಂಗಾಂಶದ ಉರಿಯೂತವೆಂದು ಅಲ್ಲಿ ಹೇಳಿತ್ತು. ಕಾಲಾನಂತರ ಅದು ಅಲ್ಲಿನ ಸೌಂದರ್ಯ ಮಂದಿರಗಳನ್ನು ಸೇರಿತು. 1968ರಲ್ಲಿ ಅಮೆರಿಕದ ‘ವೋಗ್’ ಎಂಬ ಮಹಿಳಾ ಪತ್ರಿಕೆಯು ಇದನ್ನು ಕರಗದ ಕೊಬ್ಬಿನ ಹೊಸ ಹೆಸರೆಂಬಂತೆ ಪರಿಚಯಿಸಿತು. ಸಹಜವಾದ ದೇಹಲಕ್ಷಣವೊಂದಕ್ಕೆ ರೋಗದ ಹೆಸರು ದೊರೆತ ಮೇಲೆ ಅದರ ಔಷಧಿಯ ಅಂಗಡಿ ತೆರೆಯಲು ತಡವಾಗಲಿಲ್ಲ.

ಚರ್ಮದ ಒಳಗೆ ನಡೆದಿರುವುದೇನೆಂಬುದನ್ನು 1978ರಲ್ಲಿ ನ್ಯೂರ್ನ್‌ಬರ್ಗರ್ ಮತ್ತು ಮ್ಯುಲ್ಲರ್ ಎಂಬ ಜರ್ಮನಿಯ ವೈದ್ಯರು ವಿವರಿಸಿದರು. ಅದನ್ನು ತಿಳಿಯಲು ನಮ್ಮ ಮನೆಯ ಹತ್ತಿಯ ಗಾದಿಯನ್ನು ನೆನೆದರೆ ಸಾಕು. ಹತ್ತಿ ತುಂಬಿದ ಗಾದಿಗೆ ದಬ್ಬಣದಿಂದ ಅಲ್ಲಲ್ಲಿ ದಾರ ಹಾಕಿ ಬಿಗಿಯುತ್ತಾರೆ. ದಾರವಿರುವಲ್ಲಿ ಬಟ್ಟೆ ಒಳಕ್ಕೆ ಕುಗ್ಗುತ್ತದೆ, ನಡುವಿನ ಹತ್ತಿ ಮೇಲಕ್ಕೆ ಉಬ್ಬುತ್ತದೆ. ನಮ್ಮ ಚರ್ಮವನ್ನೂ ಅದರಡಿಯ ಮಾಂಸಖಂಡದ ಹೊದಿಕೆಯೊಡನೆ ಇಂತಹ ತಂತುಗಳೇ ಬಂಧಿಸಿವೆ. ನಡುವೆ ಮೇದಸ್ಸು ತುಂಬಿದೆ. ಪುರುಷರಲ್ಲಿ ಈ ತಂತುಗಳು ಓರೆಯಾಗಿ, ಒಂದನ್ನೊಂದು ದಾಟುತ್ತಾ ಬಲೆಯಂತೆ ಹೆಣೆದುಕೊಂಡಿರುವುದರಿಂದ ಮೇದಸ್ಸು ಮೇಲಕ್ಕೆ ನುಗ್ಗದು. ಸ್ತ್ರೀಯರಲ್ಲಿ ಬಹುಪಾಲು ತಂತುಗಳು ನೆಟ್ಟಗೆ ಕಂಬಗಳಂತೆ ನಿಂತಿರುವುದರಿಂದ ಮೇದಸ್ಸಿನ ಉಂಡೆಗಳು ಚರ್ಮದ ಕಡೆಗೆ ಸುಲಭವಾಗಿ ಉಬ್ಬುತ್ತವೆ. ಋತುಮತಿಯಾದ ನಂತರ ಸ್ತ್ರೀಯರಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಇದು ಇದ್ದೇ ಇರುತ್ತದೆ ಎಂಬುದು ವೈದ್ಯರ ಅಂದಾಜು. ತೆಳ್ಳಗಿನ ಮೈಕಟ್ಟಿನವರೂ ಇದಕ್ಕೆ ಹೊರತಲ್ಲ. ಹತ್ತರಲ್ಲಿ ಎಂಟು ಮಂದಿಗೆ ಇರುವುದನ್ನು ರೋಗವೆಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಮುಟ್ಟು ನಿಲ್ಲುವ ಕಾಲದಲ್ಲಿ ಸಡಿಲಗೊಳ್ಳುತ್ತದೆ. ಆಗ ಕುಳಿಗಳು ಎದ್ದು ಕಾಣುತ್ತವೆ. ತಾಯಿಗಿದ್ದರೆ ಮಗಳಿಗೂ ಬರುವುದು ಸಾಮಾನ್ಯ. ಚಿವುಟಿದಾಗ ಮಾತ್ರ ಕಂಡರೆ ಮೊದಲ ಹಂತ, ನಿಂತಾಗಲೇ ಕಂಡರೆ ಎರಡನೆಯದು, ಮಲಗಿದಾಗಲೂ ಉಳಿದರೆ ಮೂರನೆಯದು ಎಂದು ಆ ಜರ್ಮನ್ ವೈದ್ಯರೇ ವಿಂಗಡಿಸಿದ್ದಾರೆ. ಯಾವ ಹಂತದಲ್ಲೂ ಇದು ನೋಯುವುದಿಲ್ಲ, ಕೆಂಪಾಗುವುದಿಲ್ಲ, ಬಿಸಿಯಾಗುವುದಿಲ್ಲ. ಓದುಗರು ಈ ವಾಕ್ಯವನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಆಯುರ್ವೇದ ಹೇಳುವುದೇನು?

ಸೆಲ್ಯುಲೈಟಿಗೆ ನೇರವಾಗಿ ಸಲ್ಲುವ ವ್ಯಾಧಿಯ ಹೆಸರು ನಮ್ಮ ಸಂಹಿತೆಗಳಲ್ಲಿ ಇಲ್ಲ. ಕೆಲವರು ಇದನ್ನು ಮೇದೋರೋಗಕ್ಕೆ ಸೇರಿಸಿ, ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವನ್ನು ಆಧಾರವಾಗಿ ತೋರಿಸುತ್ತಾರೆ. ಆ ಅಧ್ಯಾಯದ ವಿಷಯ ಅತಿಸ್ಥೂಲರು ಮತ್ತು ಅತಿಕೃಶರು. ಸ್ಥೌಲ್ಯವಿರುವವರಿಗೆ ಜವೆಗೋಧಿ, ನವಣೆ, ಹಾರಕ, ಹೆಸರು, ಹುರುಳಿಯಂತಹ ಧಾನ್ಯಗಳನ್ನೂ ಜೇನು, ತ್ರಿಫಲೆಗಳನ್ನೂ ಚರಕಾಚಾರ್ಯರು ಅಲ್ಲಿ ವಿಧಿಸಿದ್ದಾರೆ. ಇವು ಸ್ಥೌಲ್ಯಕ್ಕೆ ಇಂದಿಗೂ ಹಿತವಾದ ಆಹಾರಗಳೇ. ತೂಕ ಸರಿಯಾಗಿಯೇ ಇರುವ ಇಪ್ಪತ್ತೆರಡು ವರ್ಷದ ಹುಡುಗಿಗೆ ತೊಡೆಯ ಮೇಲೆ ನಾಲ್ಕು ಕುಳಿಗಳಿವೆಯೆಂದು ‘ಮೇದೋಹರ’ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿಸುವುದು ಮಾತ್ರ ಶಾಸ್ತ್ರಸಮ್ಮತವಲ್ಲ. ನಮ್ಮ ವೃತ್ತಿಬಾಂಧವರಲ್ಲೇ ಕೆಲವರು ಹಾಗೆ ಮಾಡುತ್ತಿರುವುದು ನಮಗೆ ಬೇಸರದ ಸಂಗತಿ.

ಉದ್ವರ್ತನದ ಮಾತು ಬೇರೆ. ಚೂರ್ಣದಿಂದ ಮೈಯನ್ನು ಉಜ್ಜುವ ಈ ಕ್ರಮವನ್ನು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ಹೇಳಿದ್ದಾರೆ. ಕಫವನ್ನು ತಗ್ಗಿಸುವುದು, ಮೇದಸ್ಸನ್ನು ಕರಗಿಸುವುದು, ಅಂಗಗಳನ್ನು ಬಿಗಿಗೊಳಿಸುವುದು, ಚರ್ಮಕ್ಕೆ ಕಾಂತಿ ನೀಡುವುದು ಅದರ ಗುಣಗಳೆಂದು ವರ್ಣಿಸಿದ್ದಾರೆ. ನಾವು ದಶಕಗಳಿಂದ ಇದನ್ನು ಮಾಡಿಸುತ್ತಾ ಬಂದಿದ್ದೇವೆ. ಚರ್ಮ ನಯವಾಗುತ್ತದೆ, ರಕ್ತಸಂಚಾರ ಚುರುಕಾಗುತ್ತದೆ, ಕಾಲುಗಳು ಹಗುರವೆನಿಸುತ್ತವೆ, ಕುಳಿಗಳೂ ತುಸು ತುಂಬಿದಂತೆ ಕಾಣುತ್ತವೆ. ಬಿಟ್ಟ ಕೆಲವು ದಿನಗಳಲ್ಲಿ ಅವು ಮೊದಲಿನಂತಾಗುತ್ತವೆ. ಗಾದಿಯ ಬಟ್ಟೆಯನ್ನು ಎಷ್ಟೇ ಉಜ್ಜಿದರೂ ಒಳಗಿನ ದಾರ ಹರಿಯುವುದಿಲ್ಲವಷ್ಟೆ.

ಮನೆಯಲ್ಲಿ ಮಾಡಿಕೊಳ್ಳಬಯಸುವವರು ಹುರುಳಿಹಿಟ್ಟು, ಕಡಲೆಹಿಟ್ಟುಗಳನ್ನು ಸಮನಾಗಿ ಬೆರೆಸಿ, ಅದರ ಕಾಲುಭಾಗದಷ್ಟು ತ್ರಿಫಲಾ ಚೂರ್ಣ ಸೇರಿಸಿಕೊಳ್ಳಬೇಕು. ಚರ್ಮ ಒಣಗಿದ್ದರೆ ಮೊದಲು ಸ್ವಲ್ಪ ಎಳ್ಳೆಣ್ಣೆ ಸವರಿಕೊಳ್ಳಬಹುದು. ಪಾದದಿಂದ ತೊಡೆಯ ಕಡೆಗೆ, ಕೆಳಗಿನಿಂದ ಮೇಲಕ್ಕೆ, ಹತ್ತು ನಿಮಿಷ ಹಿತವಾಗಿ ಉಜ್ಜಿ ಬಿಸಿನೀರಿನ ಸ್ನಾನ ಮಾಡಿದರೆ ಸಾಕು. ವಾರಕ್ಕೆ ಎರಡು ಬಾರಿ. ಗರ್ಭಿಣಿಯರು, ಕಾಲಿನಲ್ಲಿ ಉಬ್ಬಿದ ನರಗಳಿರುವವರು, ಗಾಯ, ಇಸುಬು ಇರುವವರು ಮಾಡಿಕೊಳ್ಳಬಾರದು. ಇದರೊಡನೆ ನಿತ್ಯ ಬಸ್ಕಿ, ಮೆಟ್ಟಿಲು ಹತ್ತುವುದು, ಬಿರುನಡಿಗೆ ಸೇರಿದರೆ ತೊಡೆಯ ಮಾಂಸಖಂಡ ತುಂಬಿಕೊಂಡು ಮೇಲಿನ ಚರ್ಮ ಬಿಗಿಯಾಗಿ ಕಾಣುತ್ತದೆ. ಖರ್ಚಿಲ್ಲದ ಉಪಾಯಗಳಲ್ಲಿ ಇದೇ ಉತ್ತಮವೆಂಬುದು ನಮ್ಮ ಅಭಿಪ್ರಾಯ. ತೂಕ ಹೆಚ್ಚಿರುವವರು ಇಳಿಸಿಕೊಳ್ಳುವುದು ಒಳ್ಳೆಯದೇ. ಆದರೆ ಅವಸರದಲ್ಲಿ ಹತ್ತಾರು ಕಿಲೋ ಇಳಿಸಿದರೆ ಹತ್ತಿ ಕಡಿಮೆಯಾಗಿ ಬಟ್ಟೆ ಜೋತುಬಿದ್ದ ಗಾದಿಯಂತೆ, ಕೆಲವರಲ್ಲಿ ಕುಳಿಗಳು ಇನ್ನಷ್ಟು ಕಾಣಿಸುವುದುಂಟು.

ಹಣ ತೆರುವ ಮುನ್ನ

ಪೇಟೆಯ ಕ್ರೀಮುಗಳಲ್ಲಿ ಹೆಚ್ಚಿನವು ಕಾಫಿಯ ಸತ್ವವಾದ ಕೆಫೀನನ್ನೋ ರೆಟಿನಾಲನ್ನೋ ಒಳಗೊಂಡಿರುತ್ತವೆ. ಕೆಫೀನ್ ಕೆಲವು ಗಂಟೆಗಳ ಮಟ್ಟಿಗೆ ಚರ್ಮವನ್ನು ಬಿಗಿಗೊಳಿಸಿದಂತೆ ತೋರಿಸಬಹುದು. ರೆಟಿನಾಲ್ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನು ಕೊಂಚ ದಪ್ಪವಾಗಿಸಬಹುದು. ಎರಡೂ ಆಳದ ತಂತುಗಳನ್ನು ಮುಟ್ಟಲಾರವು. ಗರ್ಭಿಣಿಯರು ರೆಟಿನಾಲ್ ಇರುವ ಕ್ರೀಮನ್ನು ಬಳಸಲೇಬಾರದು. ಯಂತ್ರದಿಂದ ಚರ್ಮವನ್ನು ಹೀರಿ ಮರ್ದಿಸುವ ಚಿಕಿತ್ಸೆಯ ಫಲ ಉದ್ವರ್ತನದಂತೆ ತಾತ್ಕಾಲಿಕ. ರೇಡಿಯೋ ತರಂಗ, ಲೇಸರ್ ಮೊದಲಾದವು ಹಲವು ಬಾರಿ ಮಾಡಿಸಿದಾಗ ಸಾಧಾರಣ ಫಲ ನೀಡಿ, ತಿಂಗಳುಗಳಲ್ಲಿ ಮಾಸುತ್ತವೆ. ಲೈಪೋಸಕ್ಷನ್ ಈ ಉದ್ದೇಶಕ್ಕೆ ಸಲ್ಲದು; ಕೊಬ್ಬನ್ನು ಹೀರಿ ತೆಗೆದ ಜಾಗದಲ್ಲಿ ಹೊಸ ಕುಳಿಗಳೇ ಏಳಬಹುದು.

ತಂತುವನ್ನೇ ಕತ್ತರಿಸುವ ಚಿಕಿತ್ಸೆಯೊಂದಿದೆ. ಅದರ ಹೆಸರು ‘ಸಬ್‌ಸಿಷನ್’. ಜಾಗವನ್ನು ಮರಗಟ್ಟಿಸಿ, ಸೂಜಿಯಂತಹ ಸಣ್ಣ ಅಲಗನ್ನು ಚರ್ಮದಡಿಗೆ ತೂರಿಸಿ, ಕುಳಿಯನ್ನು ಎಳೆದು ಹಿಡಿದ ತಂತುವನ್ನು ತುಂಡರಿಸುತ್ತಾರೆ. ಇದಕ್ಕಾಗಿಯೇ ರೂಪಿಸಿದ ಉಪಕರಣವೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2015ರಲ್ಲಿ ಅನುಮತಿ ನೀಡಿತು. ಫಲ ವರ್ಷಗಳ ಕಾಲ ಉಳಿಯುತ್ತದೆ. ಕೆಲವು ಆಳವಾದ ಕುಳಿಗಳಿಗೆ ಇದು ಸಲ್ಲುತ್ತದೆಯೇ ಹೊರತು ಹರಡಿದ ಅಲೆಯಂತಹ ಚರ್ಮಕ್ಕಲ್ಲ. ಅದೇ ತಂತುಗಳನ್ನು ಚುಚ್ಚುಮದ್ದಿನಿಂದ ಕರಗಿಸುವ ಕೊಲಾಜಿನೇಸ್ ಎಂಬ ಔಷಧಕ್ಕೆ 2020ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಚುಚ್ಚಿದಲ್ಲಿ ರಕ್ತ ಹೆಪ್ಪುಗಟ್ಟಿದ ಕಲೆಗಳೂ ಬಹುಕಾಲ ಮಾಸದ ಚರ್ಮದ ಬಣ್ಣಗೇಡೂ ಕಾಣಿಸಿಕೊಂಡಿದ್ದರಿಂದ ತಯಾರಕರೇ 2022ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ನಮ್ಮಂತಹ ಕಂದುಬಣ್ಣದ ಚರ್ಮದಲ್ಲಿ ಇಂತಹ ಕಲೆಗಳು ಇನ್ನೂ ದೀರ್ಘಕಾಲ ನಿಲ್ಲುತ್ತವೆ. ಯಾರಾದರೂ ಚಿಕಿತ್ಸೆ ಮಾಡಿಸಲೇಬೇಕೆಂದಿದ್ದರೆ ಅರ್ಹ ಚರ್ಮರೋಗ ತಜ್ಞರ ಬಳಿಗೇ ಹೋಗಬೇಕು; ಬ್ಯೂಟಿಪಾರ್ಲರಿನಲ್ಲಿ ‘ಕೊಬ್ಬು ಕರಗಿಸುವ’ ಚುಚ್ಚುಮದ್ದು ಹಾಕಿಸಿಕೊಳ್ಳಲೇಬಾರದು.

ಮರ್ದನ ಮಾಡಬಾರದ ಕಾಲು

ಸೆಲ್ಯುಲೈಟ್ ನೋಯದು, ಕೆಂಪಾಗದು, ಬಿಸಿಯಾಗದು ಎಂದೆವು. ನೋಯುವ, ಬಾತ ಕಾಲು ಬೇರೆಯದೇ ಕಥೆ.

ಒಂದು ಕಾಲಿನ ಚರ್ಮ ಕೆಂಪೇರಿ, ಮುಟ್ಟಿದರೆ ಸುಡುವಂತಿದ್ದು, ಗಂಟೆಗಳಲ್ಲಿ ಹರಡುತ್ತಾ, ಚಳಿಜ್ವರ ಬಂದರೆ ಅದು ಸೆಲ್ಯುಲೈಟಿಸ್. ಬ್ಯಾಕ್ಟೀರಿಯಾಗಳ ಸೋಂಕು ಇದರ ಕಾರಣ. ನಮ್ಮ ಗ್ರಂಥಗಳ ವಿಸರ್ಪಕ್ಕೆ ಇದು ಬಹುಮಟ್ಟಿಗೆ ಹೋಲುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಬಹುಬೇಗ ಉಲ್ಬಣಿಸುತ್ತದೆ. ಎಣ್ಣೆ, ಲೇಪ, ಶಾಖ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ ಆ್ಯಂಟಿಬಯಾಟಿಕ್ ಪಡೆಯಬೇಕು. ಆಯುರ್ವೇದ ವೈದ್ಯರಾದ ನಾವೂ ಇಂತಹವರನ್ನು ಒಂದು ದಿನವೂ ಇಟ್ಟುಕೊಳ್ಳದೆ ಕಳುಹಿಸಿಬಿಡುತ್ತೇವೆ.

ಇನ್ನು ಬಾಣಂತಿಯರ ವಿಚಾರ. ಎಣ್ಣೆನೀರಿನ ಪದ್ಧತಿಯನ್ನು ನಾವು ಮೆಚ್ಚುವವರೇ. ಆದರೆ ಹೆರಿಗೆಯ ನಂತರದ ಆರು ವಾರಗಳಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಉಳಿದ ಕಾಲಕ್ಕಿಂತ ಹೆಚ್ಚು. ಸಿಸೇರಿಯನ್ ಆದವರಲ್ಲಿ ಇನ್ನೂ ಹೆಚ್ಚು. ಒಂದೇ ಮೀನಖಂಡ ಇದ್ದಕ್ಕಿದ್ದಂತೆ ಬಾತು ನೋಯುತ್ತಿದ್ದರೆ ಆ ಕಾಲನ್ನು ಯಾರೂ ತಿಕ್ಕಬಾರದು. ತಿಕ್ಕಿದಾಗ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಎಣ್ಣೆನೀರು ಹಾಕುವ ಹಿರಿಯ ತಾಯಂದಿರಿಗೆ ಈ ಮಾತನ್ನು ಮನೆಯವರು ಓದಿ ಹೇಳಬೇಕೆಂದು ಕೋರುತ್ತೇವೆ.

ಎರಡೂ ತೊಡೆ, ಎರಡೂ ಕಾಲು ಸಮನಾಗಿ ದಪ್ಪವಾಗಿ, ಪಾದ ಮಾತ್ರ ಮೊದಲಿನಂತೆಯೇ ಇದ್ದು, ಒತ್ತಿದರೆ ನೋವು, ಸಣ್ಣ ಪೆಟ್ಟಿಗೂ ನೀಲಿಗಟ್ಟುವುದು ಕಂಡರೆ ಅದು ‘ಲೈಪೆಡೀಮಾ’ ಇರಬಹುದು. 1940ರಲ್ಲಿಯೇ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಇದನ್ನು ಗುರುತಿಸಿದ್ದರೂ ಇಂದಿಗೂ ಇದು ಬರಿಯ ಬೊಜ್ಜೆಂದೇ ಎಣಿಕೆಯಾಗುತ್ತಿದೆ. ಇಂತಹ ಹೆಣ್ಣುಮಕ್ಕಳು ಊಟ ಬಿಟ್ಟರೂ ಕಾಲು ಇಳಿಯುವುದಿಲ್ಲ. “ಕದ್ದು ತಿನ್ನುತ್ತಾಳೆ” ಎಂಬ ಮಾತನ್ನು ಮನೆಯಲ್ಲಿ ಕೇಳಿಸಿಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ. ಒತ್ತುಪಟ್ಟಿಯ ಕಾಲುಚೀಲ, ವ್ಯಾಯಾಮಗಳಿಂದ ನೋವು ತಗ್ಗಿಸಬಹುದು.

ಪಾದದ ಮೇಲ್ಭಾಗವೂ ಬಾತಿದ್ದರೆ ಎರಡನೆಯ ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಿ ನೋಡಿರಿ. ಎತ್ತಲು ಬಾರದಿದ್ದರೆ ದುಗ್ಧರಸದ ಹರಿವಿಗೆ ಅಡ್ಡಿಯಾಗಿದೆಯೆಂದು ಶಂಕಿಸಬೇಕು. ಕಲಬುರಗಿ, ಬೀದರ, ಯಾದಗಿರಿ, ರಾಯಚೂರು ಮತ್ತು ಕರಾವಳಿಯ ಜಿಲ್ಲೆಗಳಿಗೆ ಸೊಳ್ಳೆಯಿಂದ ಹರಡುವ ಆನೆಕಾಲು ರೋಗ ಹೊಸದಲ್ಲ. ಸರ್ಕಾರದವರು ಮನೆಬಾಗಿಲಿಗೆ ತಂದುಕೊಡುವ ಡಿಇಸಿ ಮಾತ್ರೆಯನ್ನು ಜೇಬಿಗಿಳಿಸದೆ ಅವರ ಎದುರಿಗೇ ನುಂಗಿರಿ. ಬಾವು ಈಗಾಗಲೇ ಇರುವವರು ದಿನಕ್ಕೆರಡು ಬಾರಿ ಸಾಬೂನಿನಿಂದ ಕಾಲು ತೊಳೆದು, ಬೆರಳ ಸಂದುಗಳನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಮಳೆಗಾಲದ ಕೆಸರುಹುಣ್ಣು, ಒಡೆದ ಹಿಮ್ಮಡಿಗಳ ಮೂಲಕವೇ ಸೆಲ್ಯುಲೈಟಿಸಿನ ಸೋಂಕು ಒಳಹೊಗುವುದು ಹೆಚ್ಚು. ಹೊಲಗದ್ದೆಯಿಂದ ಬಂದವರು ರಾತ್ರಿ ಕಾಲು ತೊಳೆದ ಮೇಲೆ ಹಿಮ್ಮಡಿಗಷ್ಟೇ ಕೊಬ್ಬರಿ ಎಣ್ಣೆ ಹಚ್ಚಬೇಕು, ಬೆರಳ ಸಂದಿಗೆ ಹಚ್ಚಬಾರದು.