ಹಸುವಿಗೆ ಉಣುಗು ಜ್ವರ ಬಂದರೆ ಮನೆಯವರಿಗೆ ಮಂಗನ ಕಾಯಿಲೆ ಬರುತ್ತದೆಯೇ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಭಾಗದಲ್ಲಿ ಬೇಸಿಗೆ ಬಂತೆಂದರೆ ಮಂಗನ ಕಾಯಿಲೆಯ ಭಯ. ಅದೇ ಹೊತ್ತಿಗೆ ಕೊಟ್ಟಿಗೆಯಲ್ಲಿ ಹಸು ಜ್ವರ ಬಂದು ಮೇವು ಬಿಟ್ಟರೆ ಎರಡನ್ನೂ ಒಂದೇ ಎಂದುಕೊಳ್ಳುವುದು ಸುಲಭ. "ಉಣುಗು ಜ್ವರ ಬಂದ ಹಸುವಿನ ಹಾಲು ಕುಡಿದರೆ ಮಂಗನ ಕಾಯಿಲೆ ಬರುತ್ತದೆ" ಎಂಬಂಥ ಮೆಸೇಜ್ ನಿಮಗೂ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಹಸುವಿಗೆ ಬರುವುದು ಯಾವುದು?

ಉಣುಗು ಕಚ್ಚಿ ದನಗಳಿಗೆ ಬರುವ ಬ್ಯಾಕ್ಟೀರಿಯಾ ರೋಗಗಳಲ್ಲಿ ಮುಖ್ಯವಾದದ್ದು ಅನಾಪ್ಲಾಸ್ಮೋಸಿಸ್. ಅನಾಪ್ಲಾಸ್ಮಾ ಮಾರ್ಜಿನೇಲ್ ಎಂಬ ಬ್ಯಾಕ್ಟೀರಿಯಾ ಕೆಂಪು ರಕ್ತಕಣಗಳ ಒಳಗೆ ಸೇರುತ್ತದೆ. ಸೋಂಕು ತಗುಲಿದ ಕಣಗಳನ್ನು ದೇಹವೇ ನಾಶ ಮಾಡುತ್ತಾ ಹೋಗುವುದರಿಂದ ಹಸುವಿಗೆ ರಕ್ತಹೀನತೆ ಬರುತ್ತದೆ. ಜ್ವರ, ಹಾಲು ಇಳಿಯುವುದು, ಒಸಡು ಬಿಳಿಚಿಕೊಳ್ಳುವುದು, ಕಣ್ಣು ಹಳದಿಯಾಗುವುದು, ಗಟ್ಟಿ ಸಗಣಿ ಇದರ ಲಕ್ಷಣಗಳು. ಕರುಗಳಲ್ಲಿ ಸೌಮ್ಯವಾಗಿರುವ ಈ ರೋಗ ದೊಡ್ಡ ದನಗಳ ಜೀವವನ್ನೇ ತೆಗೆಯಬಹುದು.

ಮೂತ್ರ ಕೆಂಪಾಗಿ ಅಥವಾ ಕಾಫಿ ಬಣ್ಣದಲ್ಲಿ ಬಂದರೆ ಅದು ಹೆಚ್ಚಾಗಿ ಬೆಬೀಸಿಯೋಸಿಸ್. ಅದೂ ಉಣುಗಿನಿಂದಲೇ ಬರುತ್ತದೆ, ಆದರೆ ಬ್ಯಾಕ್ಟೀರಿಯಾ ಅಲ್ಲ. ಔಷಧವೂ ಬೇರೆ. ಹಾಗಾಗಿ ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಲು ಹೇಳುತ್ತಾರೆ.

ಮಂಗನ ಕಾಯಿಲೆ ಯಾವುದು?

ಇದು ವೈರಸ್. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಕಾಡಿನ ಉಣುಗುಗಳು, ಅದರಲ್ಲೂ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಮರಿ ಉಣುಗುಗಳು, ಮನುಷ್ಯರಿಗೆ ಹರಡುತ್ತವೆ. ಡಿಸೆಂಬರ್‌ನಿಂದ ಮೇ ತನಕ ಅಪಾಯ ಹೆಚ್ಚು. ಹಸುವಿನ ಅನಾಪ್ಲಾಸ್ಮಾ ಮನುಷ್ಯರಿಗೆ ಬರುವುದಿಲ್ಲ. ಹಾಲಿನಿಂದ ಮಂಗನ ಕಾಯಿಲೆ ಹರಡಿದ್ದಕ್ಕೂ ಪುರಾವೆ ಇಲ್ಲ.

ಹಾಗಾದರೆ ದನಕ್ಕೂ ಇದಕ್ಕೂ ಸಂಬಂಧವೇ ಇಲ್ಲವೇ?

ಇದೆ. ಕಾಡಿಗೆ ಮೇಯಲು ಹೋದ ದನದ ರಕ್ತ ಕುಡಿದು ಬೆಳೆದ ಉಣುಗುಗಳು ಸಾವಿರಾರು ಮೊಟ್ಟೆ ಇಡುತ್ತವೆ. ದನಕ್ಕೆ ಮಂಗನ ಕಾಯಿಲೆ ಬರದಿದ್ದರೂ ಅದರಿಂದ ಉಣುಗಿನ ಸಂಖ್ಯೆ ಏರುತ್ತದೆ. ಮೈಗೆ ಹತ್ತಿದ ಉಣುಗು ಕೊಟ್ಟಿಗೆಗೂ ಬರುತ್ತದೆ. ಕಾಡಿನಿಂದ ತಂದ ದರಗಿನ ಜೊತೆಗೂ ಬರಬಹುದು.

ತಪ್ಪು ತಿಳಿದರೆ ಏನು ನಷ್ಟ?

ಅನಾಪ್ಲಾಸ್ಮೋಸಿಸ್‌ಗೆ ಆಕ್ಸಿಟೆಟ್ರಾಸೈಕ್ಲಿನ್‌ನಂಥ ಆಂಟಿಬಯಾಟಿಕ್ ಇದೆ. ಬೇಗ ಕೊಟ್ಟರೆ ಹಸು ಉಳಿಯುತ್ತದೆ. ಮಂಗನ ಕಾಯಿಲೆಯ ವೈರಸ್‌ಗೆ ಆಂಟಿಬಯಾಟಿಕ್ ನಾಟುವುದಿಲ್ಲ. "ಅದೂ ಉಣುಗು ಜ್ವರ, ಇದೂ ಉಣುಗು ಜ್ವರ" ಎಂದು ಮನೆಯಲ್ಲೇ ಮಾತ್ರೆ ನುಂಗಿ ದಿನ ಕಳೆಯುವುದು ಅಪಾಯ. ಇದರಲ್ಲಿ 100 ರೋಗಿಗಳಲ್ಲಿ 3ರಿಂದ 5 ಜನ ಸಾಯುವ ಸಂಭವ ಇದೆ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡದ ಕಾರಣ 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ನೀವು ಏನು ಮಾಡಬಹುದು?

• ಹಸು ಮೇವು ಬಿಟ್ಟರೆ ಪಶು ಆಸ್ಪತ್ರೆಗೆ ತಿಳಿಸಿ, ಅಥವಾ 1962ಕ್ಕೆ ಕರೆ ಮಾಡಿ.
• ಒಂದೇ ಸೂಜಿಯನ್ನು ಹಲವು ದನಗಳಿಗೆ ಬಳಸಲು ಬಿಡಬೇಡಿ. ಅನಾಪ್ಲಾಸ್ಮಾ ಸೂಜಿಯಿಂದಲೂ ಹರಡುತ್ತದೆ.
• ಚಿಕಿತ್ಸೆ ನಡೆಯುವಾಗ ಎಷ್ಟು ದಿನ ಹಾಲು ಬಳಸಬಾರದು ಎಂದು ವೈದ್ಯರನ್ನೇ ಕೇಳಿ. ಇಲ್ಲಿ ಪ್ರಶ್ನೆ ಮಂಗನ ಕಾಯಿಲೆಯದಲ್ಲ, ಹಾಲಿನಲ್ಲಿ ಉಳಿಯುವ ಔಷಧದ್ದು.
• ದನಕ್ಕೆ ಉಣುಗಿನ ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲೇ ಹಚ್ಚಿ. ಬೇಸಿಗೆಯಲ್ಲಿ ಕಾಡಿನ ದರಗು ತರಬೇಡಿ.
• ಕಾಡಿಗೆ ಹೋಗುವಾಗ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮೈ ಮುಚ್ಚುವ ಬಟ್ಟೆ ಹಾಕಿ. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ.
• ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ಹೇಳಿ.
• ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಾಡಿಗೆ ಹೋಗಿದ್ದನ್ನು ಮರೆಯದೆ ಹೇಳಿ.

ಕೊನೆಯ ಮಾತು: ಉಣುಗಿನ ಬಗ್ಗೆ ಎಚ್ಚರ ಬೇಕು ಎನ್ನುವುದು ನಿಜ. ಹಸುವಿನ ಉಣುಗು ಜ್ವರ ಹಾಲಿನಿಂದ ಮಂಗನ ಕಾಯಿಲೆಯಾಗಿ ಬರುತ್ತದೆ ಎನ್ನುವುದು ಸುಳ್ಳು. ಫಾರ್ವರ್ಡ್ ಮಾಡುವುದಿದ್ದರೆ ಮೇಲಿನ ಏಳು ಸಾಲುಗಳನ್ನು ಮಾಡಿ.