ಒಂದೇ ಲೈಬ್ರರಿ, ನಾಲ್ಕು ಶಾಲೆ: ಓಪನ್‌ಮೊಡೆಲಿಕಾದಲ್ಲಿ ಹಂಚಿಕೊಂಡ ಕಡತಗಳನ್ನು ಲೋಡ್ ಮಾಡುವ ಬಗೆ

ಈ ಬಾರಿಯ ಬೋಧನಾಭ್ಯಾಸದಲ್ಲಿ ನಮ್ಮ ಭೌತವಿಜ್ಞಾನ ಗುಂಪಿನ ನಾಲ್ವರು ಪ್ರಶಿಕ್ಷಣಾರ್ಥಿಗಳಿಗೆ ಶಿವಾಜಿನಗರ, ಹಲಸೂರು, ಇಂದಿರಾನಗರ ಮತ್ತು ಕೆ.ಆರ್.ಪುರದ ಒಂದೊಂದು ಪ್ರೌಢಶಾಲೆ ಸಿಕ್ಕಿತ್ತು. ವಿಜ್ಞಾನ ಸಂಘದ ಚಟುವಟಿಕೆಯಾಗಿ ನಾಲ್ಕೂ ಕಡೆ ಒಂದೇ ಪ್ರಯೋಗ ಮಾಡಿಸುವುದೆಂದು ತೀರ್ಮಾನಿಸಿದೆವು. ಸ್ಟೀಲ್ ಲೋಟದಲ್ಲಿ 200 ಗ್ರಾಂ ಬಿಸಿನೀರು ಹಾಕಿ, ಐದೈದು ನಿಮಿಷಕ್ಕೊಮ್ಮೆ ಅರ್ಧ ಗಂಟೆಯವರೆಗೆ ಉಷ್ಣತೆ ಅಳೆದು ಬರೆದುಕೊಳ್ಳುವುದು. ನಂತರ ಅದೇ ಲೋಟದ ಗಣಿತ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಮಕ್ಕಳ ಅಳತೆಯ ರೇಖೆಯನ್ನೂ ಮಾದರಿಯ ರೇಖೆಯನ್ನೂ ಒಂದೇ ಗ್ರಾಫ್‌ನಲ್ಲಿ ತೋರಿಸುವುದು.

ಇದಕ್ಕಾಗಿ ಓಪನ್‌ಮೊಡೆಲಿಕಾ ಎಂಬ ತಂತ್ರಾಂಶವನ್ನು ಆರಿಸಿಕೊಂಡೆವು. ಇದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಉಬುಂಟು ಎರಡರಲ್ಲೂ ನಡೆಯುತ್ತದೆ. ನಮ್ಮ ದೇಶದಲ್ಲಿ ಇದರ ಬಳಕೆಯನ್ನು ಐಐಟಿ ಬಾಂಬೆಯ ಫಾಸೀ ಯೋಜನೆ ಪ್ರೋತ್ಸಾಹಿಸುತ್ತಿದೆ. ಇದರ ಹಿಂದಿರುವ ಮೊಡೆಲಿಕಾ ಭಾಷೆಯ ಮೊದಲ ಆವೃತ್ತಿ ಬಂದದ್ದು 1997ರಲ್ಲಿ.

ಮಾದರಿ ಒಂದು ಶಾಲೆಯ ಲ್ಯಾಬಿನಲ್ಲಿ ಸರಿಯಾಗಿ ನಡೆಯಿತು. ಅದೇ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಶಾಲೆಗೆ ಒಯ್ದಾಗ ಲೋಟದ ಚಿತ್ರ ತೆರೆಯಿತು, ಆದರೆ ಅಳತೆಯ ಕಡತ ಸಿಗುತ್ತಿಲ್ಲ ಎಂಬ ಕೆಂಪು ಸಾಲು ಬಂದು ಗ್ರಾಫ್ ಮೂಡಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ನಾವು ಅಳೆದಿದ್ದು ತಪ್ಪಾ, ಮಿಸ್?” ಎಂದು ಕೇಳಿದಳು. ಅವರ ಅಳತೆ ಸರಿಯಾಗಿಯೇ ಇತ್ತು. ಕಂಪ್ಯೂಟರಿಗೆ ಗೊತ್ತಿಲ್ಲದಿದ್ದುದು ಆ ಅಳತೆ ಎಲ್ಲಿದೆ ಎಂಬುದು ಮಾತ್ರ. ಆದರೆ ತೆರೆಯ ಮೇಲೆ ಕೆಂಪು ಸಾಲು ಕಂಡ ಮಗು ಮೊದಲು ಅನುಮಾನಿಸುವುದು ತನ್ನನ್ನೇ. ಆದ್ದರಿಂದ ಹಂಚಿಕೊಂಡ ಕಡತಗಳನ್ನು ಲೋಡ್ ಮಾಡುವ ಕ್ರಮವನ್ನು ನಾವು ಪಾಠಯೋಜನೆಯ ಭಾಗವೆಂದೇ ತಿಳಿಯಬೇಕು. ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮಾದರಿಯ ಕಡತದಲ್ಲಿ ಏನಿರುತ್ತದೆ?

ತಣಿಯುವ ನೀರಿನ ಮಾದರಿಗೆ ಮುಖ್ಯವಾಗಿ ಮೂರು ಘಟಕ ಸಾಕು. ಶಾಖ ಹಿಡಿದಿಡುವ ನೀರು, ಶಾಖ ಹೊರಗೆ ಹೋಗುವ ದಾರಿ, ಸ್ಥಿರ ಉಷ್ಣತೆಯ ಕೋಣೆ. ಈ ಮೂರೂ ಮೊಡೆಲಿಕಾದ ಪ್ರಮಾಣಿತ ಲೈಬ್ರರಿಯ ಶಾಖ ವರ್ಗಾವಣೆ ವಿಭಾಗದಲ್ಲಿ ಸಿದ್ಧವಾಗಿವೆ. ಎಳೆದು ತಂದು ಗೆರೆಯಿಂದ ಜೋಡಿಸಿದರಾಯಿತು. 200 ಗ್ರಾಂ ನೀರಿಗೆ ಉಷ್ಣತೆ 1 ಕೆಲ್ವಿನ್ ಏರಲು ಸುಮಾರು 840 ಜೂಲ್ ಬೇಕು. ಶಾಖದ ದಾರಿಗೆ ಪ್ರತಿ ಕೆಲ್ವಿನ್ ವ್ಯತ್ಯಾಸಕ್ಕೆ 0.5 ವ್ಯಾಟ್ ಎಂದು ಕೊಟ್ಟರೆ, 840ನ್ನು 0.5ರಿಂದ ಭಾಗಿಸಿ 1680 ಸೆಕೆಂಡ್, ಅಂದರೆ 28 ನಿಮಿಷ ಬರುತ್ತದೆ. ಅಷ್ಟು ಹೊತ್ತಿಗೆ ನೀರಿಗೂ ಕೋಣೆಗೂ ಇದ್ದ ಉಷ್ಣತೆಯ ವ್ಯತ್ಯಾಸ ಮೊದಲಿನ ಶೇ. 37ಕ್ಕೆ ಇಳಿಯುತ್ತದೆ ಎಂದು ಮಾದರಿ ಹೇಳುತ್ತದೆ.

ಈಗ ಚಿತ್ರದ ನೋಟ ಬಿಟ್ಟು ಪಠ್ಯದ ನೋಟಕ್ಕೆ ಹೋಗಿ. ಅಲ್ಲಿರುವುದು ಕೆಲವೇ ಸಾಲು. ನೀರು ಎಂಬ ಘಟಕದ ಸೂತ್ರ ಅಲ್ಲಿಲ್ಲ. ಅದರ ಪೂರ್ಣ ಹೆಸರು ಮಾತ್ರ ಇದೆ. ಯಾವ ಲೈಬ್ರರಿ, ಅದರೊಳಗೆ ಯಾವ ವಿಭಾಗ, ಅದರೊಳಗೆ ಯಾವ ಘಟಕ ಎಂದು ಚುಕ್ಕಿಗಳಿಂದ ಜೋಡಿಸಿ ಬರೆದ ಹೆಸರು. ಸೂತ್ರ ಇರುವುದು ಲೈಬ್ರರಿಯಲ್ಲಿ. ಮಾದರಿಯನ್ನು ತೆರೆದಾಗ ತಂತ್ರಾಂಶ ಆ ಹೆಸರನ್ನು ಹಿಡಿದು ಲೈಬ್ರರಿಗೆ ಹೋಗಿ ಸೂತ್ರವನ್ನು ತರುತ್ತದೆ. ಲೈಬ್ರರಿ ಲೋಡ್ ಆಗಿರದಿದ್ದರೆ ಹೆಸರು ಬರೀ ಹೆಸರಾಗಿಯೇ ಉಳಿಯುತ್ತದೆ.

ವಿಳಾಸವೇ ಬೇರೆ, ಹೆಸರೇ ಬೇರೆ

ಮಕ್ಕಳ ಅಳತೆ ಇರುವುದು ಒಂದು ಸಣ್ಣ ಪಠ್ಯ ಕಡತದಲ್ಲಿ. ಆ ಕಡತವನ್ನು ಮಾದರಿಗೆ ಮೂರು ರೀತಿಯಲ್ಲಿ ತಿಳಿಸಬಹುದು.

ಮೊದಲನೆಯದು ಪೂರ್ಣ ವಿಳಾಸ. ಸಿ ಡ್ರೈವ್, ಅದರಲ್ಲಿ ಇಂಥವರ ಹೆಸರಿನ ಫೋಲ್ಡರ್, ಅದರಲ್ಲಿ ಡೆಸ್ಕ್‌ಟಾಪ್, ಅದರಲ್ಲಿ ಈ ಕಡತ. ಕಡತವನ್ನು ಆಯ್ಕೆ ಮಾಡುವ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಇದೇ ಬಂದು ಕೂರುತ್ತದೆ. ಮಾದರಿ ತಯಾರಾದ ಕಂಪ್ಯೂಟರಿನಲ್ಲಿ ಇದು ತಪ್ಪದೆ ನಡೆಯುತ್ತದೆ, ಬೇರೆ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಉಬುಂಟುವಿನಲ್ಲಂತೂ ಸಿ ಡ್ರೈವ್ ಎಂಬುದೇ ಇಲ್ಲ.

ಎರಡನೆಯದು ಸಾಪೇಕ್ಷ ವಿಳಾಸ. ‘ನಾನಿರುವಲ್ಲಿಂದ ಒಂದು ಫೋಲ್ಡರ್ ಒಳಗೆ’ ಎಂಬಂತೆ. ಇಲ್ಲಿ ಒಂದು ಸೂಕ್ಷ್ಮವಿದೆ. ಓಪನ್‌ಮೊಡೆಲಿಕಾ ಲೆಕ್ಕ ಮಾಡುವಾಗ ತನ್ನದೇ ತಾತ್ಕಾಲಿಕ ಫೋಲ್ಡರಿನಲ್ಲಿ ನಿಂತಿರುತ್ತದೆ. ‘ನಾನಿರುವಲ್ಲಿಂದ’ ಎಂದರೆ ಅದಕ್ಕೆ ಆ ತಾತ್ಕಾಲಿಕ ಫೋಲ್ಡರ್, ನಮ್ಮ ಮಾದರಿ ಇರುವ ಜಾಗವಲ್ಲ.

ಮೂರನೆಯದು ಲೈಬ್ರರಿಯ ಹೆಸರಿನಿಂದ ಕರೆಯುವುದು. ‘ಮೊಡೆಲಿಕಾ’ ಎಂದು ಬರೆದು, ಕೋಲನ್ ಮತ್ತು ಎರಡು ಓರೆಗೆರೆ ಹಾಕಿ, ನಂತರ ಲೈಬ್ರರಿಯ ಹೆಸರು, ಅದರೊಳಗಿನ ಫೋಲ್ಡರ್, ಕೊನೆಗೆ ಕಡತದ ಹೆಸರು ಬರೆಯಬೇಕು. ಇದನ್ನು ‘ಲೋಡ್ ರಿಸೋರ್ಸ್’ ಎಂಬ ಫಂಕ್ಷನ್‌ಗೆ ಕೊಟ್ಟರೆ, ಆ ಲೈಬ್ರರಿ ಈ ಕಂಪ್ಯೂಟರಿನಲ್ಲಿ ಎಲ್ಲಿದೆಯೋ ಅಲ್ಲಿಂದ ಕಡತದ ನಿಜವಾದ ವಿಳಾಸವನ್ನು ಅದು ಹುಡುಕಿ ಕೊಡುತ್ತದೆ. ಲೈಬ್ರರಿ ಡೆಸ್ಕ್‌ಟಾಪ್‌ನಲ್ಲಿರಲಿ, ಪೆನ್‌ಡ್ರೈವ್‌ನಲ್ಲಿರಲಿ, ಹೆಸರು ಬದಲಾಗುವುದಿಲ್ಲ.

ಮಕ್ಕಳಿಗೆ ಇದನ್ನು ಮೆಟ್ರೋ ಉದಾಹರಣೆಯಿಂದ ಹೇಳಿದರೆ ಬೇಗ ತಿಳಿಯಿತು. ನೇರಳೆ ಮಾರ್ಗದಲ್ಲಿ ಪೂರ್ವಕ್ಕೆ ಹೋಗುವಾಗ ‘ಎರಡನೇ ಸ್ಟೇಷನ್‌ನಲ್ಲಿ ಇಳಿ’ ಎಂದರೆ, ಟ್ರಿನಿಟಿಯಲ್ಲಿ ಹತ್ತಿದವರು ಇಂದಿರಾನಗರದಲ್ಲಿ ಇಳಿಯುತ್ತಾರೆ, ಹಲಸೂರಿನಲ್ಲಿ ಹತ್ತಿದವರು ಸ್ವಾಮಿ ವಿವೇಕಾನಂದ ರಸ್ತೆಯಲ್ಲಿ ಇಳಿಯುತ್ತಾರೆ. ‘ಇಂದಿರಾನಗರದಲ್ಲಿ ಇಳಿ’ ಎಂದರೆ ಎಲ್ಲಿ ಹತ್ತಿದರೂ ಒಂದೇ. ಮೊದಲನೆಯ ಮಾತು ಸಾಪೇಕ್ಷ ವಿಳಾಸ, ಎರಡನೆಯದು ಹೆಸರು. ಆ ಹೆಸರು ಎಲ್ಲಿದೆ ಎಂದು ಗೊತ್ತಿರುವುದು ಮಾರ್ಗದ ನಕ್ಷೆಗೆ. ನಮ್ಮ ವಿಷಯದಲ್ಲಿ ಆ ನಕ್ಷೆಯ ಕೆಲಸ ಮಾಡುವುದು ಲೋಡ್ ಆಗಿರುವ ಲೈಬ್ರರಿ.

ಲೈಬ್ರರಿಯನ್ನು ಕಟ್ಟುವ ಕ್ರಮ

ನಾಲ್ಕು ಶಾಲೆಗೂ ಸೇರಿ ‘ಶಾಲಾಲ್ಯಾಬ್’ ಎಂಬ ಒಂದು ಲೈಬ್ರರಿ ಮಾಡಿಕೊಂಡೆವು. ಕ್ರಮ ಹೀಗಿದೆ.

1. ಲೈಬ್ರರಿಯ ಹೆಸರಿನದೇ ಒಂದು ಫೋಲ್ಡರ್. ಅದರೊಳಗೆ ‘ಪ್ಯಾಕೇಜ್ ಡಾಟ್ ಎಂಒ’ ಎಂಬ ಕಡತ ಇರಲೇಬೇಕು. ಈ ಫೋಲ್ಡರ್ ಒಂದು ಲೈಬ್ರರಿ ಎಂದು ತಂತ್ರಾಂಶಕ್ಕೆ ಗೊತ್ತಾಗುವುದು ಅದರಿಂದಲೇ.

2. ಪ್ರತಿ ಮಾದರಿಗೆ ಒಂದು ಕಡತ. ಅದರ ಮೊದಲ ಸಾಲು ‘ವಿದಿನ್’ ಎಂದು ಆರಂಭವಾಗಿ, ತಾನು ಯಾವ ಲೈಬ್ರರಿಗೆ ಸೇರಿದ್ದು ಎಂದು ಹೇಳುತ್ತದೆ.

3. ‘ರಿಸೋರ್ಸಸ್’ ಎಂಬ ಒಳಫೋಲ್ಡರ್. ಅದರಲ್ಲಿ ‘ಡೇಟಾ’ಗೆ ಒಂದು, ಚಿತ್ರಗಳಿಗೆ ಒಂದು ಫೋಲ್ಡರ್. ಪ್ರಮಾಣಿತ ಲೈಬ್ರರಿಯಲ್ಲೂ ಇದೇ ಹೆಸರಿನ ಫೋಲ್ಡರ್ ಇದೆ.

ತೆರೆಯುವಾಗ ಮಾದರಿಯ ಕಡತವೊಂದನ್ನೇ ತೆರೆಯಬಾರದು. ‘ಪ್ಯಾಕೇಜ್’ ಕಡತವನ್ನು ತೆರೆಯಬೇಕು. ಆಗ ಇಡೀ ಲೈಬ್ರರಿ ಎಡಗಡೆಯ ಮರದಲ್ಲಿ ಬರುತ್ತದೆ. ಪ್ರತಿ ಬಾರಿ ಹುಡುಕುವುದು ಬೇಡವೆಂದರೆ, ‘ಮೊಡೆಲಿಕಾಪಾತ್’ ಎಂಬ ಸೆಟ್ಟಿಂಗ್‌ನಲ್ಲಿ ಲೈಬ್ರರಿ ಇರುವ ಹೊರಫೋಲ್ಡರನ್ನು ಬರೆದಿಡಬಹುದು. ಒಂದಕ್ಕಿಂತ ಹೆಚ್ಚು ಫೋಲ್ಡರ್ ಇದ್ದರೆ ವಿಂಡೋಸ್‌ನಲ್ಲಿ ಸೆಮಿಕೋಲನ್, ಉಬುಂಟುವಿನಲ್ಲಿ ಕೋಲನ್ ಹಾಕಿ ಬೇರ್ಪಡಿಸಬೇಕು.

ಹೆಸರಿಡುವಾಗ ಎರಡು ವಿಷಯ ಗಮನಿಸಿ. ಉಬುಂಟುವಿಗೆ ದೊಡ್ಡ ಅಕ್ಷರ, ಚಿಕ್ಕ ಅಕ್ಷರದ ವ್ಯತ್ಯಾಸ ಮುಖ್ಯ. ವಿಂಡೋಸ್‌ಗೆ ಸಾಮಾನ್ಯವಾಗಿ ಅಲ್ಲ. ಹಾಗಾಗಿ ವಿಂಡೋಸ್‌ನಲ್ಲಿ ಸಿಕ್ಕ ಕಡತ ಉಬುಂಟುವಿನಲ್ಲಿ ಸಿಗದೆ ಹೋಗಬಹುದು. ಇನ್ನೊಂದು, ಮೊಡೆಲಿಕಾದಲ್ಲಿ ಘಟಕಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ಆದರೆ ಅವುಗಳ ಮುಂದಿನ ವಿವರಣೆಯನ್ನು ಕನ್ನಡದಲ್ಲಿ ಬರೆಯಬಹುದು. ಕನ್ನಡ ಮಾಧ್ಯಮದ ಮಕ್ಕಳಿಗೆ ‘ನೀರು ಹಿಡಿದಿಡುವ ಶಾಖ’, ‘ಕೋಣೆಯ ಉಷ್ಣತೆ’ ಎಂಬ ವಿವರಣೆ ಪಕ್ಕದಲ್ಲೇ ಕಂಡರೆ ಅರ್ಧ ಭಯ ಹೋಗುತ್ತದೆ.

ಅಳತೆಯ ಕಡತ

ಅಳತೆಯನ್ನು ಓದಲು ಪ್ರಮಾಣಿತ ಲೈಬ್ರರಿಯಲ್ಲಿ ಸಮಯದ ಕೋಷ್ಟಕ ಎಂಬ ಘಟಕವಿದೆ. ಅದು ಬಯಸುವ ಪಠ್ಯ ಕಡತದ ಮೊದಲ ಸಾಲಿನಲ್ಲಿ ಹ್ಯಾಶ್ ಗುರುತು ಮತ್ತು 1 ಇರಬೇಕು. ಎರಡನೆಯ ಸಾಲಿನಲ್ಲಿ ಕೋಷ್ಟಕದ ಹೆಸರು, ಅಡ್ಡಸಾಲುಗಳ ಸಂಖ್ಯೆ, ಕಂಬಸಾಲುಗಳ ಸಂಖ್ಯೆ. ಸೊನ್ನೆಯಿಂದ 30 ನಿಮಿಷದವರೆಗೆ ಐದೈದು ನಿಮಿಷಕ್ಕೆ 7 ಅಡ್ಡಸಾಲು, ಸಮಯ ಮತ್ತು ಉಷ್ಣತೆಗೆ 2 ಕಂಬಸಾಲು. ಮಕ್ಕಳು ಒಂದು ಅಳತೆ ಬಿಟ್ಟಿದ್ದರೆ 7 ಎಂದೇ ಬರೆಯಬಾರದು. ಸಾಲು ಕಡಿಮೆಯಿದ್ದರೆ ಕಡತ ಓದಲಾಗುವುದಿಲ್ಲ.

ಸಮಯವನ್ನು ಸೆಕೆಂಡಿನಲ್ಲಿ ಬರೆಯಬೇಕು: 0, 300, 600 ಹೀಗೆ. ಮಾದರಿ ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ಲೆಕ್ಕ ಹಾಕುತ್ತದೆ, ಮಕ್ಕಳು ಅಳೆಯುವುದು ಸೆಲ್ಸಿಯಸ್‌ನಲ್ಲಿ. ಮಕ್ಕಳ ಸಂಖ್ಯೆಗಳನ್ನು ತಿದ್ದುವ ಬದಲು ಕೋಷ್ಟಕ ಘಟಕದ ‘ಆಫ್‌ಸೆಟ್’ನಲ್ಲಿ 273.15 ಕೊಟ್ಟರೆ ಸಾಕು. ಪುಸ್ತಕದಲ್ಲಿ ಬರೆದ ಸಂಖ್ಯೆಯೇ ಕಡತದಲ್ಲೂ ಇರುತ್ತದೆ, ಮಗು ತನ್ನ ಸಂಖ್ಯೆಯನ್ನು ಗುರುತಿಸುತ್ತದೆ.

ನಕಲೋ, ಉಲ್ಲೇಖವೋ?

ಪ್ರತಿ ಶಾಲೆಗೂ ಒಂದೊಂದು ನಕಲು ಕೊಟ್ಟುಬಿಟ್ಟರೆ ಸುಲಭವಲ್ಲವೇ ಎಂದು ಕೇಳಬಹುದು. ನಕಲಿಗೆ ತನ್ನ ಉಪಯೋಗವಿದೆ. ‘ಸೇವ್ ಟೋಟಲ್’ ಎಂಬ ಆಯ್ಕೆ ಮಾದರಿಯನ್ನೂ ಅದಕ್ಕೆ ಬೇಕಾದ ಲೈಬ್ರರಿಯ ಭಾಗಗಳನ್ನೂ ಒಂದೇ ಕಡತಕ್ಕೆ ತುಂಬಿಸುತ್ತದೆ. ಲೈಬ್ರರಿ ಇಲ್ಲದ ಕಡೆ ಮಾದರಿ ತೋರಿಸಲು ಇದು ಸಾಕು, ಆದರೆ ಅಳತೆಯ ಕಡತವನ್ನು ಬೇರೆಯಾಗಿಯೇ ಒಯ್ಯಬೇಕು. ಮಕ್ಕಳು ಒಂದು ಘಟಕವನ್ನು ಬದಲಾಯಿಸಿ ಪ್ರಯೋಗ ಮಾಡುವಾಗಲೂ ನಕಲು ಮಾಡಿಕೊಡುವುದೇ ಒಳ್ಳೆಯದು; ಮೂಲ ಹಾಗೆಯೇ ಉಳಿಯುತ್ತದೆ.

ನಕಲಿನ ತೊಂದರೆ ತಿದ್ದುವಾಗ ಗೊತ್ತಾಗುತ್ತದೆ. ಶಾಖದ ದಾರಿಯ ಮೌಲ್ಯವನ್ನು ಒಂದು ಶಾಲೆಯಲ್ಲಿ ಸರಿಪಡಿಸಿದರೆ ಉಳಿದ ಮೂರು ನಕಲುಗಳಲ್ಲಿ ಹಳೆಯದೇ ಇರುತ್ತದೆ. ಆಗ ನಾಲ್ಕು ಶಾಲೆಯ ಗ್ರಾಫ್‌ಗಳನ್ನು ಪಕ್ಕಪಕ್ಕ ಇಟ್ಟರೆ, ವ್ಯತ್ಯಾಸ ಲೋಟದ್ದೋ ಮಾದರಿಯದ್ದೋ ಹೇಳಲಾಗದು. ಆದ್ದರಿಂದ ನಾವು ಮಾಡಿಕೊಂಡ ನಿಯಮ ಸರಳ: ಘಟಕಗಳೂ ಅಳತೆಗಳೂ ಲೈಬ್ರರಿಯಲ್ಲಿ, ಒಂದೇ ಕಡೆ, ಪಾಠದ ಮಾದರಿಗಳು ಅವುಗಳನ್ನು ಹೆಸರಿನಿಂದ ಕರೆಯುತ್ತವೆ. ತಿದ್ದುಪಡಿ ಮಾಡುವವರು ಒಬ್ಬರೇ. ವಾರಕ್ಕೊಮ್ಮೆ ಕಾಲೇಜಿನಲ್ಲಿ ಸೇರಿದಾಗ ಎಲ್ಲರೂ ಇಡೀ ಫೋಲ್ಡರನ್ನು ಬದಲಾಯಿಸಿಕೊಳ್ಳುತ್ತೇವೆ.

ಆವೃತ್ತಿಯನ್ನು ಬರೆದಿಡಿ

ಹೆಸರು ಒಂದೇ ಇದ್ದರೂ ಒಳಗಿನದು ಬದಲಾಗಿರಬಹುದು. ಪ್ರಮಾಣಿತ ಲೈಬ್ರರಿಯ 4.0.0 ಆವೃತ್ತಿ 2020ರಲ್ಲಿ ಬಂದಾಗ, ಏಕಮಾನಗಳ ವಿಭಾಗದ ಹೆಸರೇ ‘ಎಸ್‌ಐಯುನಿಟ್ಸ್’ ಇದ್ದದ್ದು ‘ಯುನಿಟ್ಸ್’ ಒಳಗಿನ ‘ಎಸ್‌ಐ’ ಎಂದಾಯಿತು. ಹಳೆಯ ಹೆಸರು ಬಳಸಿದ ಮಾದರಿ ಹೊಸ ಲೈಬ್ರರಿಯಲ್ಲಿ ಹಾಗೆಯೇ ನಡೆಯುವುದಿಲ್ಲ. ಅದಕ್ಕಾಗಿಯೇ ‘ಪ್ಯಾಕೇಜ್’ ಕಡತದ ಕೊನೆಯಲ್ಲಿ ‘ಯೂಸಸ್’ ಎಂಬ ಸಾಲಿನಲ್ಲಿ, ಯಾವ ಲೈಬ್ರರಿಯ ಯಾವ ಆವೃತ್ತಿ ಬೇಕೆಂದು ಬರೆಯುವ ಪದ್ಧತಿಯಿದೆ. ಪಠ್ಯಪುಸ್ತಕದ ಪುಟಸಂಖ್ಯೆ ಹೇಳುವಾಗ ಯಾವ ವರ್ಷದ ಮುದ್ರಣ ಎಂದೂ ಹೇಳುವ ಹಾಗೆ.

ತರಗತಿಗೆ ಹೋಗುವ ಮುನ್ನ

40 ನಿಮಿಷದ ಅವಧಿಯಲ್ಲಿ ಕಡತ ಹುಡುಕಲು ಸಮಯವಿಲ್ಲ. ಹಿಂದಿನ ದಿನವೇ ಶಾಲೆಯ ಕಂಪ್ಯೂಟರಿನಲ್ಲಿ ಇವನ್ನು ನೋಡಿಕೊಳ್ಳಿ:

– ಎಡಗಡೆಯ ಮರದಲ್ಲಿ ಪ್ರಮಾಣಿತ ಲೈಬ್ರರಿ ಇದೆಯೇ, ಆವೃತ್ತಿ ಯಾವುದು? ಹೊಸ ಓಪನ್‌ಮೊಡೆಲಿಕಾ ಲೈಬ್ರರಿಗಳನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬಲ್ಲದು. ಲ್ಯಾಬಿನಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಮೊದಲೇ ವ್ಯವಸ್ಥೆ ಮಾಡಿ.
– ನಮ್ಮ ಲೈಬ್ರರಿಯನ್ನು ‘ಪ್ಯಾಕೇಜ್’ ಕಡತದಿಂದ ತೆರೆದಿದ್ದೀರಾ?
– ಪಠ್ಯದ ನೋಟದಲ್ಲಿ ಡ್ರೈವಿನ ಹೆಸರಾಗಲಿ, ವ್ಯಕ್ತಿಯ ಹೆಸರಿನ ಫೋಲ್ಡರಾಗಲಿ ಎಲ್ಲಾದರೂ ಇದೆಯೇ? ಇದ್ದರೆ ಲೈಬ್ರರಿಯ ಹೆಸರಿಗೆ ಬದಲಾಯಿಸಿ.
– ಲೈಬ್ರರಿ ಫೋಲ್ಡರನ್ನು ಬೇರೆ ಜಾಗಕ್ಕೆ ಸರಿಸಿ, ಮತ್ತೆ ತೆರೆದು, ಒಮ್ಮೆ ಲೆಕ್ಕ ಮಾಡಿಸಿ. ಸರಿಸಿದ ಮೇಲೂ ಗ್ರಾಫ್ ಬಂದರೆ ಬೇರೆ ಶಾಲೆಯಲ್ಲೂ ಬರುವ ಭರವಸೆ ಇಟ್ಟುಕೊಳ್ಳಬಹುದು.

ಕೊನೆಯ ಪರೀಕ್ಷೆಗೆ ಐದು ನಿಮಿಷ ಸಾಕು. ನಮ್ಮ ಗುಂಪಿಗೆ ಅತ್ಯಂತ ಉಪಯೋಗಕ್ಕೆ ಬಂದದ್ದೂ ಅದೇ.

ಹೀಗೆ ಸಿದ್ಧವಾಗಿ ಹೋದಾಗ ತರಗತಿಯ ಸಮಯವೆಲ್ಲ ವಿಜ್ಞಾನಕ್ಕೇ ಸಿಕ್ಕಿತು. ಅಳತೆಯ ರೇಖೆ ಮೊದಲ ನಿಮಿಷಗಳಲ್ಲಿ ಮಾದರಿಯ ರೇಖೆಗಿಂತ ಬೇಗ ಇಳಿಯುವುದನ್ನು ಮಕ್ಕಳೇ ಗುರುತಿಸಿದರು. ಏಕೆ ಎಂಬ ಚರ್ಚೆಯಲ್ಲಿ ಲೋಟದ ಮೇಲಿನ ಹಬೆಯ ಮಾತು ಬಂತು. ತೆರೆದ ಲೋಟದಿಂದ ಆವಿಯಾಗುವ ನೀರೂ ಶಾಖ ಒಯ್ಯುತ್ತದೆ. ನಮ್ಮ ಮಾದರಿಯ ಮೂರು ಘಟಕಗಳಲ್ಲಿ ಅದಕ್ಕೆ ಜಾಗವಿಲ್ಲ. ಅಳತೆ ಸರಿಯಾಗಿಯೇ ಇದೆ, ಮಾದರಿಯಲ್ಲೇ ಒಂದು ಅಂಶ ಕಡಿಮೆಯಿದೆ ಎಂದು ಮಕ್ಕಳು ಹೇಳಬಲ್ಲವರಾದರು. ಮುಂದಿನ ಬಾರಿ ಲೋಟಕ್ಕೆ ತಟ್ಟೆ ಮುಚ್ಚಿ ಅಳೆಯುವ ಸಲಹೆಯೂ ಅವರದೇ. ಆ ಅಳತೆಗಾಗಿ ಲೈಬ್ರರಿಯ ಡೇಟಾ ಫೋಲ್ಡರಿನಲ್ಲಿ ‘ಮುಚ್ಚಿದ ಲೋಟ’ ಎಂಬ ವಿವರಣೆಯೊಂದಿಗೆ ಖಾಲಿ ಕೋಷ್ಟಕವೊಂದನ್ನು ಸೇರಿಸಿದ್ದೇವೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಅದನ್ನು ತುಂಬಿಸಬಹುದು.