ಕಿವಿ ಕೇಳುತ್ತದೆ, ಮಾತು ತಿಳಿಯದು

“ಅಜ್ಜನಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ” ಎಂಬ ಆಕ್ಷೇಪಣೆ ಯಾವ ಮನೆಯಲ್ಲಿಲ್ಲ? ಏಕಾಂತದಲ್ಲಿ ಸೊಗಸಾಗಿ ಸಂಭಾಷಿಸುವ ಹಿರಿಯರು ಮದುವೆಯ ಪಂಕ್ತಿಯಲ್ಲಿ ಕುಳಿತೊಡನೆ, ಏನು ಕೇಳಿದರೂ ಸುಮ್ಮನೆ ನಕ್ಕು ತಲೆಯಾಡಿಸುತ್ತಾರೆ. ಇದು ಸೋಗಲ್ಲ.

ಹಲವು ದನಿಗಳ ನಡುವೆ ಒಂದನ್ನೇ ಆರಿಸಿಕೊಳ್ಳುವ ಸೋಜಿಗವನ್ನು ಬ್ರಿಟಿಷ್ ವಿಜ್ಞಾನಿ ಕಾಲಿನ್ ಚೆರಿಯವರು ಪರೀಕ್ಷಿಸಿ 1953ರಲ್ಲಿ ಪ್ರಕಟಿಸಿದರು. ಒಂದೊಂದು ಕಿವಿಗೆ ಒಂದೊಂದು ಮಾತನ್ನು ಕೇಳಿಸಿದಾಗ ಜನರು ಬೇಕಾದದ್ದನ್ನು ಸಲೀಸಾಗಿ ಮರುನುಡಿದರು. ಒಬ್ಬನೇ ಆಡಿದ ಎರಡು ಮಾತುಗಳನ್ನು ಬೆರೆಸಿ ಕೇಳಿಸಿದಾಗ ತಡವರಿಸಿದರು.

ಮುಪ್ಪಿನಲ್ಲಿ ಕುಗ್ಗುವುದು ಈ ಬೇರ್ಪಡಿಸುವ ಶಕ್ತಿಯೇ. ಒಳಗಿವಿಯ ರೋಮಕೋಶಗಳು ನಶಿಸಿದರೆ ಮತ್ತೆ ಹುಟ್ಟವು. ತಾರಸ್ಥಾಯಿಯ ಶಬ್ದಗಳು ಮೊದಲು ಮಾಯವಾಗುತ್ತವೆ. ಸ್ವರಗಳು ಉಳಿದು, ‘ಸ’, ‘ಶ’, ‘ತ’ಗಳಂಥ ಮೆಲುದನಿಯ ವ್ಯಂಜನಗಳು ಜಾರುತ್ತವೆ. ಹೇಳಿದ್ದು ‘ಹಾಲೋ’ ‘ಸಾಲೋ’! ನಿಶ್ಶಬ್ದದಲ್ಲಿ ಆ ತೆರವನ್ನು ಊಹೆ ತುಂಬುತ್ತದೆ. ಗದ್ದಲದಲ್ಲಿ, ವಯಸ್ಸಿನೊಡನೆ ನಿಧಾನಿಸಿದ ಮಿದುಳಿಗೆ ಊಹಿಸಲೂ ಬಿಡುವಿಲ್ಲ. ಕಿರುಚಿದರೆ ಹೆಚ್ಚುವುದು ಸ್ವರದ ಅಬ್ಬರವೇ ಹೊರತು ವ್ಯಂಜನದ ಸ್ಪಷ್ಟತೆಯಲ್ಲ. ಶ್ರವಣಯಂತ್ರವಾದರೂ ಪಕ್ಕದವರ ಹರಟೆಯನ್ನು ಪೂರ್ಣವಾಗಿ ಸೋಸಲಾರದು.

ಆದುದರಿಂದ ವಾಚಕರೇ, ಟೆಲಿವಿಷನ್ ಆರಿಸಿ, ತುಟಿ ಕಾಣುವಂತೆ ಎದುರಿಗೆ ಕುಳಿತು, ಒಬ್ಬರಾದ ಮೇಲೆ ಒಬ್ಬರು ಬಿಡಿಸಿ ಮಾತಾಡಿರಿ. ಹಿರಿಯರನ್ನು ಗೋಡೆಗೆ ಬೆನ್ನುಕೊಟ್ಟು ಕೂರಿಸಿದರೆ ಹಿಂದಿನ ಗದ್ದಲವಾದರೂ ತಪ್ಪೀತು.